ಶೇಕಡಾವಾರಿನ ಪಕ್ಕದಲ್ಲಿ ಮಕ್ಕಳ ಲೆಕ್ಕವನ್ನೂ ಬರೆಯಿರಿ

ಇವರಿಗೆ,
ಆಯುಕ್ತರು, ಶಾಲಾ ಶಿಕ್ಷಣ ಇಲಾಖೆ, ಬೆಂಗಳೂರು
ಪ್ರತಿ: ಸರ್ಕಾರಿ ಪ್ರಾಥಮಿಕ ಶಾಲೆಗಳ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಸದಸ್ಯರೆಲ್ಲರಿಗೆ

ಮಾನ್ಯರೇ,

ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಹೆಸರಿನ ಮುಂದೆ ‘ಫಲಿತಾಂಶ ಶೇ. 62’ ಎಂದು ಬರೆದುಬಿಟ್ಟರೆ ಆ ಶಾಲೆಯ ಕಥೆ ಅಲ್ಲಿಗೆ ಮುಗಿಯಿತು. ಪಕ್ಕದ ಊರಿನದು ಶೇ. 74 ಎಂದಿದ್ದರೆ ಅದು ಒಳ್ಳೆಯ ಶಾಲೆ, ಇದು ಕೆಟ್ಟದ್ದು. ಪೋಷಕರು ಹಾಗೆ ಓದುತ್ತಾರೆ, ಪಂಚಾಯಿತಿ ಸದಸ್ಯರು ಹಾಗೆ ಓದುತ್ತಾರೆ, ಪ್ರಗತಿ ಪರಿಶೀಲನಾ ಸಭೆಯಲ್ಲಿ ಕೂತ ಅಧಿಕಾರಿಗಳೂ ಹಾಗೆಯೇ ಓದುತ್ತಾರೆ. ನಾವು ಕೇಳುತ್ತಿರುವುದು ಒಂದೇ ವಿಷಯ. ಇನ್ನು ಮುಂದೆ ಯಾವ ಶಾಲೆಯ ಫಲಿತಾಂಶವನ್ನು ಪ್ರಕಟಿಸಿದರೂ ಅದರ ಪಕ್ಕದಲ್ಲೇ ಆ ಮಕ್ಕಳು ಯಾರು, ಎಷ್ಟು ಜನ, ಅವರಿಗೆ ಎಷ್ಟು ದಿನ ಪಾಠ ಸಿಕ್ಕಿತು, ಜೂನ್‌ನಲ್ಲಿ ಅವರ ಕಲಿಕೆ ಯಾವ ಮಟ್ಟದಲ್ಲಿತ್ತು ಎಂಬುದನ್ನೂ ಒಂದು ಹಾಳೆಯಲ್ಲಿ ಕೊಡಿ. ಅದನ್ನು ಕೊಡಲಾಗದ ಕಡೆ ಶೇಕಡಾವಾರನ್ನೂ ಕೊಡಬೇಡಿ.

ಇದಕ್ಕೆ ಹೊಸ ತಂತ್ರಾಂಶ ಬೇಡ. ಸ್ಯಾಟ್ಸ್ ಎಂಬ ರಾಜ್ಯದ ಆನ್‌ಲೈನ್ ದಾಖಲೆಯಲ್ಲಿ ಮಗುವಿಗೊಂದು ಸಂಖ್ಯೆ ಇದೆ, ಶಾಲೆಯನ್ನು ಗುರುತಿಸಲು 29ರಿಂದ ಶುರುವಾಗುವ 11 ಅಂಕಿಗಳ ಡೈಸ್ ಕೋಡ್ ಇದೆ, ಕೇಂದ್ರ ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆಯಾದ ಯು-ಡೈಸ್ ಪ್ಲಸ್ 2022-23ರಿಂದ ಒಬ್ಬೊಬ್ಬ ವಿದ್ಯಾರ್ಥಿಯ ಮಾಹಿತಿಯನ್ನೇ ಸಂಗ್ರಹಿಸುತ್ತಿದೆ. ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಅಕ್ಷರ ದಾಸೋಹದ (ಬಿಸಿಯೂಟದ) ದಿನವಹಿ ಮೂರೂ ಮುಖ್ಯ ಶಿಕ್ಷಕರ ಬೀರುವಿನಲ್ಲೇ ಇವೆ. ಕೊರತೆ ಇರುವುದು ಮಾಹಿತಿಗಲ್ಲ, ಬೇರೆ ಬೇರೆ ಕಡೆ ಬಿದ್ದಿರುವ ಸಂಖ್ಯೆಗಳನ್ನು ಅಕ್ಕಪಕ್ಕ ಇಡುವ ಅಭ್ಯಾಸಕ್ಕೆ.

ಮೊದಲಿಗೆ ಛೇದದ ಮಾತು. ಐದನೇ ತರಗತಿಯ ದಾಖಲಾತಿ 31 ಎಂದಿಟ್ಟುಕೊಳ್ಳಿ. ಪರೀಕ್ಷೆಯ ದಿನ ಬಂದವರು 25. ಅವರಲ್ಲಿ ಒಂದು ಪುಟ್ಟ ಕಥೆಯನ್ನು ಅರ್ಥ ಮಾಡಿಕೊಂಡು ಓದಿದವರು 18. ಬಂದವರ ಮೇಲೆ ಲೆಕ್ಕ ಹಾಕಿದರೆ ಶೇ. 72, ದಾಖಲಾದವರ ಮೇಲೆ ಹಾಕಿದರೆ ಶೇ. 58. ಎರಡೂ ಸರಿಯಾದ ಭಾಗಾಕಾರವೇ. ಆದರೆ ಒಂದು ಶಾಲೆ ಮೊದಲನೆಯದನ್ನು ಬರೆದು, ಇನ್ನೊಂದು ಶಾಲೆ ಎರಡನೆಯದನ್ನು ಬರೆದು, ಆಮೇಲೆ ಎರಡನ್ನೂ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಕೂರಿಸಿದರೆ ಆ ಪಟ್ಟಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಬಾರದ ಆ 6 ಮಕ್ಕಳು ಸಾಮಾನ್ಯವಾಗಿ ಓದಿನಲ್ಲಿ ಹಿಂದಿರುವವರೇ. ಪರೀಕ್ಷೆಯ ದಿನ ‘ಅವನನ್ನು ಇವತ್ತು ಕಳಿಸಬೇಡಿ’ ಎಂದು ಮನೆಗೆ ಹೇಳಿಕಳಿಸುವ ಪರಿಪಾಠ ಎಲ್ಲೂ ಇಲ್ಲ ಎಂದು ಎದೆ ತಟ್ಟಿ ಹೇಳಲು ನಮ್ಮಿಂದಾಗದು. ಇನ್ನು ದಾಖಲಾತಿಯೂ ಪೂರ್ತಿ ನಂಬುವಂಥದ್ದಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 1ರಿಂದ 5ನೇ ತರಗತಿಯಲ್ಲಿ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ರವರೆಗೆ 3, 91ರಿಂದ 120ರವರೆಗೆ 4. ಅಂದರೆ 61ನೇ ಹೆಸರು ಒಂದು ಹುದ್ದೆಯ ಬೆಲೆ ಬಾಳುತ್ತದೆ. ಊರು ಬಿಟ್ಟುಹೋದ ಮಗುವಿನ ಹೆಸರನ್ನು ಹೊಡೆದುಹಾಕಲು ಮುಖ್ಯ ಶಿಕ್ಷಕರ ಕೈ ಹಿಂಜರಿಯುವುದು ಇದೇ ಕಾರಣಕ್ಕೆ. ಅದಕ್ಕೇ ಮೂರು ಸಂಖ್ಯೆಗಳೂ ಕಾಣಬೇಕು: ದಾಖಲಾತಿ, ಹಿಂದಿನ ಮೂರು ತಿಂಗಳ ಸರಾಸರಿ ಹಾಜರಿ, ಪರೀಕ್ಷೆಗೆ ಕೂತವರು. ತರಗತಿಯ ಹಾಜರಿ ಪುಸ್ತಕ ಹೇಳುವ ಸಂಖ್ಯೆಗೂ ಬಿಸಿಯೂಟದ ಪುಸ್ತಕ ಹೇಳುವ ಸಂಖ್ಯೆಗೂ ದಿನಾ ವ್ಯತ್ಯಾಸ ಬರುತ್ತಿದ್ದರೆ ಆ ಶಾಲೆಯ ಯಾವ ಶೇಕಡಾವಾರನ್ನೂ ಸದ್ಯಕ್ಕೆ ನಂಬಬೇಡಿ, ಮೊದಲು ತಲೆ ಎಣಿಸಿ.

ಎರಡನೆಯದು ಚಿಕ್ಕ ಶಾಲೆಗಳ ಪಾಡು. ಕಿರಿಯ ಪ್ರಾಥಮಿಕ ಶಾಲೆಯ ಒಂದು ತರಗತಿಯಲ್ಲಿ 8 ಮಕ್ಕಳಿದ್ದರೆ ಒಂದು ಮಗು ಅಂದರೆ 12.5 ಶೇಕಡಾ ಅಂಶ. ಆ ದಿನ ಒಬ್ಬಳಿಗೆ ಜ್ವರ ಬಂದರೆ, ಒಬ್ಬ ಚುರುಕಿನ ಹುಡುಗ ಅಜ್ಜಿ ಮನೆಗೆ ಹೋಗಿದ್ದರೆ ದಾಖಲಾತಿಯ ಮೇಲಿನ ಲೆಕ್ಕದಲ್ಲಿ ಶೇ. 75 ಇದ್ದದ್ದು ಶೇ. 50ಕ್ಕೆ ಇಳಿಯುತ್ತದೆ. ಪಾಠ ಮಾಡುವ ರೀತಿ ಒಂದಿಷ್ಟೂ ಬದಲಾಗಿರುವುದಿಲ್ಲ. ನಿಜವಾಗಿ ಶೇ. 60ರ ಮಟ್ಟದಲ್ಲಿರುವ ಶಾಲೆಯಲ್ಲಿ ವರ್ಷಕ್ಕೆ 10 ಮಕ್ಕಳು ಪರೀಕ್ಷೆ ಬರೆದರೆ, ಬರೀ ಆಕಸ್ಮಿಕದಿಂದಲೇ ಫಲಿತಾಂಶ ಸುಮಾರು 15 ಅಂಶ ಮೇಲಕ್ಕೋ ಕೆಳಕ್ಕೋ ಹೊಯ್ದಾಡುವುದು ಮಾಮೂಲು. 100 ಮಕ್ಕಳಿರುವ ಕಡೆ ಈ ಹೊಯ್ದಾಟ 5 ಅಂಶದಷ್ಟು. ಹಾಗಾಗಿ ತಾಲ್ಲೂಕಿನ ಶಾಲೆಗಳನ್ನು ಶೇಕಡಾವಾರು ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮೇಲಿನ ತುದಿಯಲ್ಲೂ ಕೆಳಗಿನ ತುದಿಯಲ್ಲೂ ಚಿಕ್ಕ ಶಾಲೆಗಳೇ ಗುಂಪುಗೂಡುತ್ತವೆ. ಈ ವರ್ಷ ಸನ್ಮಾನ ಮಾಡಿಸಿಕೊಂಡ ಶಾಲೆಗೆ ಮುಂದಿನ ವರ್ಷ ನೋಟಿಸು ಬರುವ ವಿಚಿತ್ರದ ಹಿಂದೆ ಇರುವುದು ಇಷ್ಟೇ ಗಣಿತ. 10ಕ್ಕಿಂತ ಕಡಿಮೆ ಮಕ್ಕಳಿರುವಲ್ಲಿ ಶೇಕಡಾವಾರು ಹಾಕಲೇಬಾರದು. ‘8ರಲ್ಲಿ 5’ ಎಂದು ಬರೆದರೆ ಸಾಕು, ಓದುವವರಿಗೆ ಅದರ ಗಾತ್ರ ತಾನೇ ಗೊತ್ತಾಗುತ್ತದೆ. ಹೋಲಿಕೆ ಬೇಕೇಬೇಕು ಎಂದಾದರೆ ಮೂರು ವರ್ಷದ ಮಕ್ಕಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿ. ಶಾಲೆ ವಿಲೀನದ ಮಾತು ಬಂದಾಗ ಒಂದೇ ವರ್ಷದ ಫಲಿತಾಂಶವನ್ನು ಕಾರಣವಾಗಿ ಮುಂದಿಡುವುದಂತೂ ಅನ್ಯಾಯ.

ಈಗ ನಮ್ಮ ಪತ್ರದ ತಿರುಳಿಗೆ ಬರುತ್ತೇವೆ. ವಿವರಿಸಲಿಕ್ಕೆಂದು ಎರಡು ಕಾಲ್ಪನಿಕ ಶಾಲೆಗಳನ್ನು ತೆಗೆದುಕೊಳ್ಳೋಣ, ಎರಡರಲ್ಲೂ 40 ಮಕ್ಕಳು. ಮೊದಲ ಶಾಲೆಯಲ್ಲಿ ಮನೆಮಾತು ಕನ್ನಡವಾಗಿರುವವರು 30, ಅವರಲ್ಲಿ ಓದಬಲ್ಲವರು 24. ಮನೆಯಲ್ಲಿ ಬೇರೆ ಭಾಷೆ ಆಡುವವರು 10, ಓದಬಲ್ಲವರು 4. ಒಟ್ಟು 28, ಅಂದರೆ ಶೇ. 70. ಎರಡನೇ ಶಾಲೆಯಲ್ಲಿ ಕನ್ನಡ ಮನೆಮಾತಿನವರು 10, ಓದಬಲ್ಲವರು 9. ಬೇರೆ ಮನೆಮಾತಿನವರು 30, ಓದಬಲ್ಲವರು 15. ಒಟ್ಟು 24, ಅಂದರೆ ಶೇ. 60. ಪಟ್ಟಿಯಲ್ಲಿ ಮೊದಲ ಶಾಲೆ 10 ಅಂಶ ಮೇಲೆ. ಆದರೆ ಬಿಡಿಸಿ ನೋಡಿ: ಕನ್ನಡದ ಮಕ್ಕಳಲ್ಲಿ ಅಲ್ಲಿ ಶೇ. 80, ಇಲ್ಲಿ ಶೇ. 90. ಬೇರೆ ಮನೆಮಾತಿನ ಮಕ್ಕಳಲ್ಲಿ ಅಲ್ಲಿ ಶೇ. 40, ಇಲ್ಲಿ ಶೇ. 50. ಎರಡೂ ಗುಂಪಿಗೆ ಹೆಚ್ಚು ಚೆನ್ನಾಗಿ ಕಲಿಸಿದ ಶಾಲೆಯೇ ಪಟ್ಟಿಯಲ್ಲಿ ಕೆಳಗೆ ಬಿದ್ದಿದೆ. ಅಲ್ಲಿನ ಶಿಕ್ಷಕರಿಗೆ ನೀವು ಕಳಿಸುವ ‘ಫಲಿತಾಂಶ ಸುಧಾರಿಸಿ’ ಎಂಬ ಜ್ಞಾಪನಾಪತ್ರ ಹೋಗಬೇಕಾದ ವಿಳಾಸವೇ ಬೇರೆ.

ರಾಜ್ಯದಲ್ಲಿ ಇಂಥ ಶಾಲೆಗಳು ವಿರಳವೇನಲ್ಲ. ಕಲಬುರಗಿ, ವಿಜಯಪುರದ ತಾಂಡಾಗಳಲ್ಲಿ ಲಂಬಾಣಿ, ಕೋಲಾರದ ಗಡಿಯಲ್ಲಿ ತೆಲುಗು, ಬೆಳಗಾವಿಯ ಗಡಿಯಲ್ಲಿ ಮರಾಠಿ, ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಮಾತು, ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಜೇನುಕುರುಬರ ಮಾತು, ಪೇಟೆಗಳಲ್ಲಿ ದಖನಿ ಉರ್ದು. ಕಾಫಿ ತೋಟಗಳ ಲೈನ್ ಮನೆಗಳಿಂದ ಬರುವ ಮಕ್ಕಳ ತಾಯಿನುಡಿ ಈಗ ಅಸ್ಸಾಂ, ಜಾರ್ಖಂಡ್‌ನದೂ ಆಗಿರಬಹುದು. ಆದರೆ ದಾಖಲಾತಿ ಅರ್ಜಿಯ ‘ಮಾತೃಭಾಷೆ’ ಕಾಲಂ ತೆರೆದು ನೋಡಿದರೆ ಮೇಲಿಂದ ಕೆಳಗಿನವರೆಗೆ ‘ಕನ್ನಡ, ಕನ್ನಡ, ಕನ್ನಡ’. ಜೂನ್ ತಿಂಗಳ ಗಡಿಬಿಡಿಯಲ್ಲಿ ಯಾರನ್ನೂ ಕೇಳದೆ ತುಂಬಿದ ಕಾಲಂ ಅದು. ತಂದೆತಾಯಿಯರೂ ‘ಶಾಲೆಯವರು ಕನ್ನಡ ಅಂದರೇ ಒಳ್ಳೆಯದು’ ಎಂದುಕೊಂಡು ತಲೆಯಾಡಿಸಿರುತ್ತಾರೆ. ಪ್ರಶ್ನೆಯನ್ನೇ ಬದಲಿಸಿ. ‘ಮನೆಯಲ್ಲಿ ಅಜ್ಜಿ ಮಗುವಿನ ಜೊತೆ ಯಾವ ಮಾತಿನಲ್ಲಿ ಮಾತಾಡುತ್ತಾರೆ?’ ಎಂದು ಕೇಳಿದರೆ ನಿಜವಾದ ಉತ್ತರ ಬರುತ್ತದೆ.

ಮನೆಮಾತು ಓದಿನ ಫಲಿತಾಂಶದಲ್ಲಿ ಹೇಗೆ ಕೈ ಆಡಿಸುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಪರೀಕ್ಷೆಯ ಅಂಕ ಇದನ್ನು ಮುಚ್ಚಿಬಿಡುತ್ತದೆ. ಕನ್ನಡ ಓದಿನಲ್ಲಿ ಮಗು ಏರುವ ಮೆಟ್ಟಿಲು ಸಾಮಾನ್ಯವಾಗಿ ಹೀಗೆ: ‘ಮರ, ಸರ’ದಂಥ ಸರಳ ಪದ, ಆಮೇಲೆ ‘ಗಾಳಿ, ಕೋಳಿ’ಯಂಥ ಕಾಗುಣಿತದ ಪದ, ಆಮೇಲೆ ‘ಅಕ್ಕ, ಹಳ್ಳ’ದಂಥ ಸಜಾತೀಯ ಒತ್ತು, ಆಮೇಲೆ ‘ಪ್ರಶ್ನೆ, ಪುಸ್ತಕ’ದಂಥ ವಿಜಾತೀಯ ಒತ್ತು, ಕೊನೆಗೆ ಅರ್ಕಾವತ್ತು. ‘ಸೂರ್ಯ’ದಲ್ಲಿ ಆಮೇಲೆ ಬರೆದದ್ದನ್ನು ಮೊದಲು ಉಚ್ಚರಿಸಬೇಕಲ್ಲ, ಅಲ್ಲಿ ಬಹಳ ಮಕ್ಕಳು ಎಡವುತ್ತಾರೆ. ನಾಲ್ಕನೇ ತರಗತಿಗೆ ಬಂದೂ ಓದಲಾಗದ ಮಕ್ಕಳಲ್ಲಿ ಹೆಚ್ಚಿನವರಿಗೆ ಅಕ್ಷರ ಬರುವುದಿಲ್ಲ ಅಂತಲ್ಲ, ಅವರು ಕಾಗುಣಿತಕ್ಕೂ ಒತ್ತಕ್ಷರಕ್ಕೂ ನಡುವೆ ಸಿಕ್ಕಿಕೊಂಡಿರುತ್ತಾರೆ. ಅಂಥ ಮಗುವಿಗೆ ಮತ್ತೆ ‘ಅ ಆ ಇ ಈ’ ತಿದ್ದಿಸುವುದು ದಂಡ. ಇನ್ನು ಬೇರೆ ಮನೆಮಾತಿನ ಮಗು ಈ ಮೆಟ್ಟಿಲುಗಳನ್ನೆಲ್ಲ ಏರಿ ಒಂದು ಪ್ಯಾರಾವನ್ನು ಸರಾಗವಾಗಿ ಓದಬಹುದು, ‘ಯಾರು ಎಲ್ಲಿಗೆ ಹೋದರು?’ ಎಂದರೆ ಮುಖ ನೋಡಬಹುದು. ಅದರ ಸಮಸ್ಯೆ ಲಿಪಿಯದ್ದಲ್ಲ, ಪದಸಂಪತ್ತಿನದ್ದು. ಆದ್ದರಿಂದ ‘ಓದಬಲ್ಲ’ ಎಂಬ ಒಂದೇ ಕಾಲಂ ಸಾಲದು. ಉಚ್ಚರಿಸಿ ಓದಿದ್ದು ಒಂದು ಕಾಲಂ, ಅರ್ಥವಾದದ್ದು ಇನ್ನೊಂದು. ಮೊದಲನೆಯದು ಚೆನ್ನಾಗಿದ್ದು ಎರಡನೆಯದು ಬಿದ್ದಿದ್ದರೆ ಆ ಶಾಲೆಗೆ ಬೇಕಾದದ್ದು ಮಾತು, ಕಥೆ, ಹಾಡು. ಅಕ್ಷರಾಭ್ಯಾಸದ ಹೊಸ ಪುಸ್ತಕವಲ್ಲ.

ಹಾಳೆಯಲ್ಲಿ ಇರಬೇಕಾದ ಮಿಕ್ಕ ಕಾಲಂಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇವೆ. ತಾಯಿ ಓದಿದ ಕೊನೆಯ ತರಗತಿ ಬೇಕು. ‘ಸಾಕ್ಷರರೇ? ಹೌದು/ಇಲ್ಲ’ ಎಂಬ ಪ್ರಶ್ನೆಯಿಂದ ಪ್ರಯೋಜನವಿಲ್ಲ, ಸಹಿ ಹಾಕುವವರೆಲ್ಲ ಹೌದು ಆಗುತ್ತಾರೆ. ಒಂದನೇ ತರಗತಿಗೆ ಮೊದಲು ಅಂಗನವಾಡಿಗೋ ಎಲ್‌ಕೆಜಿಗೋ ಎಷ್ಟು ವರ್ಷ ಹೋಗಿತ್ತು ಎಂಬುದು ಬೇಕು. ಮಗು ಈ ಶಾಲೆಯಲ್ಲಿ ಕಳೆದ ತಿಂಗಳುಗಳು ಬೇಕು: ಡಿಸೆಂಬರ್‌ನಲ್ಲಿ ಬಂದು ಸೇರಿದ ಮಗುವಿನ ಮಾರ್ಚ್ ಅಂಕಕ್ಕೆ ಈ ಶಾಲೆ ಎಷ್ಟರ ಮಟ್ಟಿಗೆ ಹೊಣೆ? ವಿಶೇಷ ಅಗತ್ಯವುಳ್ಳ ಮಕ್ಕಳ ಸಂಖ್ಯೆ ಬೇಕು, ಅವರಲ್ಲಿ ಮನೆಯಲ್ಲೇ ಕಲಿಯುತ್ತಿರುವವರು ಎಷ್ಟು ಎಂಬುದು ಪ್ರತ್ಯೇಕ. ವಯಸ್ಸು ಕೂಡ ತಿಂಗಳ ಲೆಕ್ಕದಲ್ಲಿ ಬೇಕು, ಅದರಲ್ಲೂ 2025-26ರಲ್ಲಿ ಒಂದನೇ ತರಗತಿಗೆ ಸೇರಿದವರ ವಿಷಯದಲ್ಲಿ. 6 ವರ್ಷ ತುಂಬಿರಬೇಕು ಎಂಬ ನಿಯಮವನ್ನು ಆ ಒಂದು ಸಾಲಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು. ಆರರ ಅಂಚಿನ ಮಗುವಿಗೂ ಐದೂವರೆಯ ಮಗುವಿಗೂ ಪೆನ್ಸಿಲ್ ಹಿಡಿಯುವುದರಲ್ಲೇ ವ್ಯತ್ಯಾಸ ಇರುತ್ತದೆ. ಈ ತಂಡ ಮೂರನೇ ತರಗತಿಗೆ ಬಂದಾಗ ಫಲಿತಾಂಶ ಸ್ವಲ್ಪ ಕುಗ್ಗಿ ಕಂಡರೆ ಶಿಕ್ಷಕರ ಮೇಲೆ ಏರಿಹೋಗುವ ಮೊದಲು ಹುಟ್ಟಿದ ತಾರೀಕು ನೋಡಿ.

ಜಾತಿ ಪ್ರವರ್ಗದ ಮಾಹಿತಿ ಸ್ಯಾಟ್ಸ್‌ನಲ್ಲಿ ಇದೆ: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1, 2ಎ, 2ಬಿ, 3ಎ, 3ಬಿ. ವಿದ್ಯಾರ್ಥಿವೇತನಕ್ಕೆ ಅದು ಬೇಕು, ತಾಲ್ಲೂಕು ಮಟ್ಟದಲ್ಲಿ ಯಾವ ಸಮುದಾಯದ ಮಕ್ಕಳು ಹಿಂದೆ ಉಳಿಯುತ್ತಿದ್ದಾರೆ ಎಂದು ನೋಡುವುದಕ್ಕೂ ಬೇಕೇಬೇಕು. ಆದರೆ ಒಂದು ಶಾಲೆಯ ಗೋಡೆಗೆ ಅಂಟಿಸುವ ಹಾಳೆಯಲ್ಲಿ ಪ್ರವರ್ಗವಾರು ಫಲಿತಾಂಶ ಹಾಕಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. 40 ಮಕ್ಕಳ ಶಾಲೆಯಲ್ಲಿ 3 ಮಕ್ಕಳ ಗುಂಪು ಯಾರದೆಂದು ಇಡೀ ಊರಿಗೆ ಗೊತ್ತು. ಅಲ್ಲದೆ ಅಂಥ ಪಟ್ಟಿ ಓದಿದವರು ‘ಆ ಕೇರಿಯ ಮಕ್ಕಳೇ ಹಾಗೆ’ ಎನ್ನುತ್ತಾರೆಯೇ ಹೊರತು, ಆ ಕೇರಿಯ ಅಂಗನವಾಡಿ ಎಷ್ಟು ತಿಂಗಳು ಮುಚ್ಚಿತ್ತು ಎಂದು ಕೇಳುವುದಿಲ್ಲ.

ಗುಳೆಯ ವಿಷಯಕ್ಕೆ ಪ್ರತ್ಯೇಕ ಸಾಲು ಇರಲೇಬೇಕು. ಕಲ್ಯಾಣ ಕರ್ನಾಟಕದ ಎಷ್ಟೋ ಊರುಗಳಲ್ಲಿ ದೀಪಾವಳಿ ಕಳೆದ ಮೇಲೆ ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಮನೆಮಂದಿಯೆಲ್ಲ ಹೊರಡುತ್ತಾರೆ. ಕಬ್ಬು ನುರಿಸುವ ಕಾಲ ಮುಗಿಯುವುದು ಮಾರ್ಚ್ ಹೊತ್ತಿಗೆ, ನಮ್ಮ ಎರಡನೇ ಸಂಕಲನಾತ್ಮಕ ಮೌಲ್ಯಮಾಪನವೂ (ವರ್ಷದ ಕೊನೆಯ ಪರೀಕ್ಷೆಯೂ) ಅದೇ ಹೊತ್ತಿಗೆ. ಹಿಂದಿರುಗಿದ ಮಗು ನೇರ ಪರೀಕ್ಷೆಗೆ ಕೂರುತ್ತದೆ, ಇಲ್ಲವೇ ಕೂರುವುದೇ ಇಲ್ಲ. ಅತ್ತ ಹೋದ ಕಡೆ ಟಿಸಿ (ವರ್ಗಾವಣೆ ಪತ್ರ) ಇಲ್ಲ ಎಂದು ಸೇರಿಸಿಕೊಂಡಿರುವುದಿಲ್ಲ. ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ, ಆದರೂ ಆನ್‌ಲೈನ್‌ನಲ್ಲಿ ಹಳೆಯ ಶಾಲೆ ಬಿಡುಗಡೆ ಮಾಡುವವರೆಗೆ ಹೆಸರು ಅಲ್ಲೇ ಕೂತಿರುತ್ತದೆ. ಕಲಿಸಿದ ಶಾಲೆಯಲ್ಲಿ ಹೆಸರಿಲ್ಲ, ಹೆಸರಿರುವ ಶಾಲೆಯಲ್ಲಿ ಮಗುವಿಲ್ಲ. ವರ್ಷದಲ್ಲಿ 60 ಶಾಲಾ ದಿನಕ್ಕಿಂತ ಹೆಚ್ಚು ಗೈರಾದ ಮಕ್ಕಳು ಎಷ್ಟು ಎಂಬ ಒಂದು ಸಂಖ್ಯೆ, ಅವರನ್ನು ಬಿಟ್ಟು ಮಿಕ್ಕವರ ಫಲಿತಾಂಶ ಒಂದು, ಅವರದೇ ಒಂದು. ಹೀಗೆ ಬರೆದರೆ ಶಿಕ್ಷಕರು ತಪ್ಪಿಸಿಕೊಳ್ಳಲು ಅವಕಾಶ ಕೊಟ್ಟಂತಾಗುತ್ತದೆ ಎಂದು ಕೆಲವು ಅಧಿಕಾರಿಗಳು ವಾದಿಸುತ್ತಾರೆ. ನಮ್ಮ ಮಟ್ಟಿಗೆ ಇದು ಸರ್ಕಾರ ತಪ್ಪಿಸಿಕೊಳ್ಳದಂತೆ ಮಾಡುವ ಸಂಖ್ಯೆ. ಆ ಊರಿಗೆ ಬೇಕಾದದ್ದು ಋತುಮಾನದ ವಸತಿ ನಿಲಯ. ಅದನ್ನು ತೆರೆಯುವುದು ಮುಖ್ಯ ಶಿಕ್ಷಕರ ಕೈಯಲ್ಲಿಲ್ಲ.

ಇನ್ನೊಂದು ಸೋರಿಕೆ ಹಿರಿಯ ಪ್ರಾಥಮಿಕ ಶಾಲೆಗಳನ್ನು ಕಾಡುತ್ತದೆ, ಅದನ್ನು ಯಾವ ವರದಿಯೂ ಎಣಿಸುವುದಿಲ್ಲ. ಐದನೇ ತರಗತಿ ಮುಗಿಸಿದವರಲ್ಲಿ ಚುರುಕಾದವರು ಪ್ರವೇಶ ಪರೀಕ್ಷೆ ಬರೆದು ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ, ಆದರ್ಶ ವಿದ್ಯಾಲಯಕ್ಕೆ, ನವೋದಯಕ್ಕೆ ಆರನೇ ತರಗತಿಗೆ ಹೋಗುತ್ತಾರೆ. ಹೋಗಲಿ, ಒಳ್ಳೆಯದೇ. ಆದರೆ 24 ಮಕ್ಕಳ ತರಗತಿಯಿಂದ ಮೇಲಿನ 5 ಜನ ಎದ್ದುಹೋದರೆ ಮುಂದಿನ ವರ್ಷ ಆರನೇ ತರಗತಿಯ ಸರಾಸರಿ ಕುಸಿಯದೆ ಇನ್ನೇನಾದೀತು? ಐದನೇ ತರಗತಿಯವರೆಗೆ ಅತಿ ಚೆನ್ನಾಗಿ ಕಲಿಸಿದ ಶಾಲೆಯೇ ಆರನೇ ತರಗತಿಯ ಪಟ್ಟಿಯಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುತ್ತದೆ. ‘ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾಗಿ ಹೋದವರು’ ಎಂಬ ಕಾಲಂ ಇರಲಿ, ಅದು ಶಾಲೆಯ ಜಮಾ ಕಡೆ ಸೇರಲಿ. ಖಾಸಗಿ ಶಾಲೆಗೆ ಹೋದವರ ಸಂಖ್ಯೆಯೂ ಅದರ ಕೆಳಗೇ ಬರಲಿ. ಎಷ್ಟೋ ಮನೆಗಳಲ್ಲಿ ಮಗನನ್ನು ಹಳದಿ ಬಸ್ಸಿಗೆ ಹತ್ತಿಸಿ ಮಗಳನ್ನು ಸರ್ಕಾರಿ ಶಾಲೆಗೆ ಕಳಿಸುತ್ತಾರೆ, ಗಂಡು ಹೆಣ್ಣಿನ ಲೆಕ್ಕ ಬರೆದರೆ ಅದೂ ಕಣ್ಣಿಗೆ ಬೀಳುತ್ತದೆ.

ಶಿಕ್ಷಕರ ಕಡೆಯ ಸಂಖ್ಯೆ ಎರಡೇ ಸಾಕು. ಒಂದು, ಮಂಜೂರಾದ ಹುದ್ದೆ ಎಷ್ಟು, ಇದ್ದವರು ಎಷ್ಟು, ಅತಿಥಿ ಶಿಕ್ಷಕರು ಯಾವ ತಿಂಗಳಿಂದ ಬಂದರು. ಎರಡು, ನಿಜವಾಗಿ ಪಾಠ ನಡೆದ ದಿನಗಳು. ಶಿಕ್ಷಣ ಹಕ್ಕು ಕಾಯ್ದೆಯು 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಎನ್ನುತ್ತದೆ. 6ರಿಂದ 8ಕ್ಕೆ 220 ದಿನ, 1000 ಗಂಟೆ. ಅದೇ ಕಾಯ್ದೆಯ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. 2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆಮನೆ ತಿರುಗಿದರು, ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಸಮೀಕ್ಷೆ ಬೇಕೋ ಬೇಡವೋ ಎಂಬುದು ಇಲ್ಲಿನ ಚರ್ಚೆಯಲ್ಲ, ಹೋದ ದಿನಗಳು ಎಲ್ಲಾದರೂ ಬರೆದಿರಬೇಕು. ಇಬ್ಬರು ಶಿಕ್ಷಕರ ಶಾಲೆಯಲ್ಲಿ ಒಬ್ಬರು ತರಬೇತಿಗೆ ಹೋದ ದಿನ ಗಂಟೆ ಬಾರಿಸುತ್ತದೆ, ಹಾಜರಿ ಆಗುತ್ತದೆ, ಊಟವೂ ಆಗುತ್ತದೆ. ಐದು ತರಗತಿ ಒಂದೇ ಕೋಣೆಯಲ್ಲಿ ಕೂರುತ್ತವೆ. ಅದನ್ನು ಪಾಠದ ದಿನ ಎಂದು ಎಣಿಸಬಾರದು.

ಇಷ್ಟೆಲ್ಲ ಬರೆದ ಮೇಲೆ ಆ ‘ಫಲಿತಾಂಶ’ವನ್ನಾದರೂ ಎಲ್ಲಿಂದ ತರುವುದು? ಈಗಿರುವ ಶ್ರೇಣಿಗಳಿಂದ ಬೇಡ ಎನ್ನುತ್ತೇವೆ. ವರ್ಷದ ನಡುನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಅಂಕ ಕೊಡುವವರು ತರಗತಿಯ ಶಿಕ್ಷಕರೇ. ಅದು ಕಲಿಸುವುದಕ್ಕೆ ನೆರವಾಗಲೆಂದು ಮಾಡಿದ್ದು, ಶಾಲೆ ಶಾಲೆಗೆ ತೂಗಲೆಂದು ಅಲ್ಲ. ಎ ಶ್ರೇಣಿ 70ರಿಂದ 89ರವರೆಗೆ ಹರಡಿದೆ. 71ರಿಂದ 88ಕ್ಕೆ ಏರಿದ ಮಗು ಅಲುಗಿಲ್ಲವೆಂದು ಕಾಣುತ್ತದೆ, 69ರಿಂದ 70ಕ್ಕೆ ಬಂದ ಮಗು ಒಂದು ಶ್ರೇಣಿ ಜಿಗಿದಂತೆ ಕಾಣುತ್ತದೆ. ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿಯಲ್ಲಂತೂ 1ರಿಂದ 3ನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ಮೈಲಿಗಲ್ಲಿನ ಪ್ರಕಾರ ತಟ್ಟೆ (ಕೂರುವ ಗುಂಪು) ಬದಲಿಸುತ್ತ ಸಾಗುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ಈ ಕ್ರಮದ ಮೂಲವೇ ಪ್ರತಿ ಮಗುವಿಗೂ ಅದರದೇ ವೇಗ ಎಂಬುದು. ಅಲ್ಲಿ ‘ಎರಡನೇ ತರಗತಿ ಫಲಿತಾಂಶ’ ಎಂದು ಕತ್ತರಿಸುವ ಬದಲು ಪ್ರಗತಿ ನೋಟ ಎಂಬ ದಾಖಲೆಯಲ್ಲಿ ಮಗು ಜೂನ್‌ನಿಂದ ಎಷ್ಟು ಮೆಟ್ಟಿಲು ಏರಿದೆ ಎಂದು ನೋಡಬೇಕು.

ಮಿಕ್ಕ ತರಗತಿಗಳಿಗೆ ವರ್ಷಕ್ಕೆ ಎರಡು ಸಲ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಬಾಯಿಮಾತಿನ ಪರೀಕ್ಷೆ ಮಾಡಿ. ಓದಿಗೆ 5ರಿಂದ 7 ನಿಮಿಷ, ಲೆಕ್ಕಕ್ಕೆ 5 ನಿಮಿಷ. 30 ಮಕ್ಕಳಿಗೆ 6 ಗಂಟೆ, ಅಂದರೆ ಒಂದೂವರೆ ದಿನ. ಓದಲು ಕೊಡುವ ಕಥೆ ಪಠ್ಯಪುಸ್ತಕದ್ದಾಗಿರಬಾರದು, 8ರಿಂದ 10 ಚಿಕ್ಕ ವಾಕ್ಯಗಳಿರಲಿ. ಪಾಠದ ಪ್ಯಾರಾ ಕೊಟ್ಟರೆ ಮೊದಲ ಪದ ನೋಡಿ ಮಿಕ್ಕದ್ದನ್ನು ಬಾಯಿಪಾಠ ಒಪ್ಪಿಸುತ್ತಾರೆ. ಅನುಮಾನ ಬಂದರೆ ಕೊನೆಯ ಸಾಲಿನಿಂದ ಒಂದೊಂದೇ ಪದಕ್ಕೆ ಬೆರಳಿಟ್ಟು ಕೇಳಿ, ಗುಟ್ಟು ಹೊರಬರುತ್ತದೆ. ಲೆಕ್ಕದಲ್ಲಿ ಉತ್ತರ ಸರಿಯೋ ತಪ್ಪೋ ಎಂದು ಗುರುತು ಹಾಕಿದರೆ ಅರ್ಧ ಕೆಲಸ. 302ರಿಂದ 147 ಕಳೆಯಲು ಕೊಡಿ. 155 ಬಂದರೆ ಸರಿ. 245 ಎಂದು ಬರೆದ ಮಗು ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. ಅದಕ್ಕೆ ಕಳೆಯುವುದು ಬರುತ್ತದೆ, ಸ್ಥಾನಬೆಲೆ ಬರುವುದಿಲ್ಲ. ಹಾಗಾಗಿ ತಪ್ಪು ಉತ್ತರವನ್ನೂ ಬರೆದಿಡಿ, ಮುಂದಿನ ತಿಂಗಳ ಪಾಠದ ಯೋಜನೆ ಅದರಲ್ಲೇ ಇರುತ್ತದೆ. ಲೆಕ್ಕ ಚೆನ್ನಾಗಿದ್ದು ಓದು ಮಾತ್ರ ಹಿಂದಿದ್ದರೆ ಮನೆಮಾತಿನ ಕಾಲಂ ನೋಡಿ, ಎರಡೂ ಹಿಂದಿದ್ದರೆ ಮೊದಲು ಹಾಜರಿಯ ಕಾಲಂ.

ಪರೀಕ್ಷೆ ಮಾಡುವವರು ಅದೇ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಬೇರೆ ಶಾಲೆಯ ಶಿಕ್ಷಕರಾಗಿರಲಿ, ಜೂನ್‌ನಲ್ಲೂ ಮಾರ್ಚ್‌ನಲ್ಲೂ ಅವರೇ ಬರಲಿ. ಸಿಆರ್‌ಪಿ (ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ಒಂದು ವಾರದೊಳಗೆ ಬಂದು ಚೀಟಿ ಎತ್ತಿ 5 ಮಕ್ಕಳನ್ನು ಮತ್ತೆ ಓದಿಸಲಿ. ಪರೀಕ್ಷಕರ ಗುರುತೂ ಸಿಆರ್‌ಪಿಯ ಗುರುತೂ ಇಬ್ಬರಿಗಿಂತ ಹೆಚ್ಚು ಮಕ್ಕಳಲ್ಲಿ ಬೇರೆಯಾದರೆ ಇಡೀ ತರಗತಿಯ ಪರೀಕ್ಷೆ ಮತ್ತೆ ಆಗಬೇಕು. ಇಲ್ಲೂ ಜಾರುವ ಜಾಗಗಳಿವೆ. ಬೆಳವಣಿಗೆ ತೋರಿಸಬೇಕೆಂದು ಜೂನ್‌ನಲ್ಲಿ ಬೇಕೆಂದೇ ಕಡಿಮೆ ಬರೆಯುವುದು ಮೊದಲನೆಯದು, ಹೊರಗಿನ ಪರೀಕ್ಷಕರನ್ನು ಕೇಳುತ್ತಿರುವುದು ಅದಕ್ಕೇ. ಎರಡನೆಯದು ಬೇಸಿಗೆ ರಜೆ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳು ಸಾಕಷ್ಟು ಮರೆತು ಬರುತ್ತಾರೆ. ಜೂನ್‌ನಿಂದ ಮಾರ್ಚ್‌ಗೆ ಮಾತ್ರ ಅಳೆದರೆ ಎಲ್ಲ ಶಾಲೆಗಳ ಬೆಳವಣಿಗೆಯೂ ಉಬ್ಬಿ ಕಾಣುತ್ತದೆ. ಮಾರ್ಚ್‌ನಿಂದ ಮಾರ್ಚ್‌ಗೆ ಇನ್ನೊಂದು ಲೆಕ್ಕ ಇರಲಿ. ಮೂರನೆಯದು, ಆಗಲೇ ಕಥೆ ಓದಬಲ್ಲ ಮಗು ಮತ್ತೆ ಅದೇ ಕಥೆಯ ಮಟ್ಟದಲ್ಲಿ ನಿಂತರೆ ಬೆಳವಣಿಗೆ ಸೊನ್ನೆ ಎಂದು ಬರುತ್ತದೆ. ಅಂಥವರಿಗೆ ಮೇಲಿನ ತರಗತಿಯ ಮಟ್ಟದ ಇನ್ನೊಂದು ಪುಟ ಸಿದ್ಧವಿರಬೇಕು. ಇವೆಲ್ಲಕ್ಕಿಂತ ಮುಖ್ಯ, ಹೋದ ವರ್ಷದ ನಾಲ್ಕನೇ ತರಗತಿಯನ್ನು ಈ ವರ್ಷದ ನಾಲ್ಕನೇ ತರಗತಿಯ ಜೊತೆ ಹೋಲಿಸಬೇಡಿ. ಅವರೇ ಬೇರೆ, ಇವರೇ ಬೇರೆ. ಅದೇ ಸ್ಯಾಟ್ಸ್ ಸಂಖ್ಯೆಯ ಅದೇ ಮಗುವನ್ನು ಹಿಂಬಾಲಿಸಿ. ಆಗ ಮೊದಲಿಗೆ ಹೇಳಿದ ಶೇ. 62ರ ಶಾಲೆ ಜೂನ್‌ನಲ್ಲಿ ಶೇ. 30ರಲ್ಲಿತ್ತು, ಶೇ. 74ರ ಶಾಲೆ ಜೂನ್‌ನಲ್ಲೇ ಶೇ. 70ರಲ್ಲಿತ್ತು ಎಂಬುದೂ ಹೊರಬರಬಹುದು. ಯಾವ ಶಾಲೆಗೆ ತರಬೇತುದಾರರನ್ನು ಕಳಿಸಬೇಕು, ಯಾವ ಶಾಲೆಯಿಂದ ಕರೆಸಬೇಕು ಎಂಬ ನಿಮ್ಮ ಆದೇಶ ಆಗ ತಿರುವುಮುರುವಾಗುತ್ತದೆ.

ದೊಡ್ಡ ಸಮೀಕ್ಷೆಗಳ ಸಂಖ್ಯೆಯನ್ನು ಶಾಲೆಯ ತಲೆಗೆ ಕಟ್ಟುವ ರೂಢಿಯೂ ನಿಲ್ಲಬೇಕು. 2021ರ ನವೆಂಬರ್ 12ರ ರಾಷ್ಟ್ರೀಯ ಸಾಧನಾ ಸಮೀಕ್ಷೆ, ಅದರ ಮುಂದುವರಿಕೆಯಾದ 2024ರ ಡಿಸೆಂಬರ್ 4ರ ಪರಖ್ ಸಮೀಕ್ಷೆ ಎರಡೂ ಆಯ್ದ ಶಾಲೆಗಳ ಆಯ್ದ ಮಕ್ಕಳ ಮಾದರಿಗಳು. ಸ್ವಯಂಸೇವಾ ಸಂಸ್ಥೆಯೊಂದರ ಅಸರ್ ಸಮೀಕ್ಷೆಯ ತಂಡ ಹಳ್ಳಿಗಳಲ್ಲಿ ಮನೆಗೇ ಹೋಗಿ ಮಕ್ಕಳನ್ನು ಓದಿಸುತ್ತದೆ, ಹಳ್ಳಿಗೆ 20 ಮನೆ. ಜಿಲ್ಲೆಯ, ರಾಜ್ಯದ ಚಿತ್ರ ತಿಳಿಯಲು ಅವು ಉಪಯುಕ್ತ. ಅವುಗಳಲ್ಲಿ ಜಿಲ್ಲೆಗೆ ಬಂದ ಸಂಖ್ಯೆ ಹಿಡಿದು ‘ನಿಮ್ಮ ಶಾಲೆ ಹೀಗಿದೆ’ ಎಂದು ಒಬ್ಬ ಮುಖ್ಯ ಶಿಕ್ಷಕಿಯನ್ನು ಸಭೆಯಲ್ಲಿ ನಿಲ್ಲಿಸುವುದಕ್ಕೆ ಅವು ಹುಟ್ಟಿಲ್ಲ.

ಪ್ರಾದೇಶಿಕ ಹಿಂದುಳಿದಿರುವಿಕೆಯನ್ನು ಅಳೆಯುವುದು ಈ ನಾಡಿಗೆ ಹೊಸದಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಇಟ್ಟುಕೊಂಡು 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲೂ 39ನ್ನು ಅತ್ಯಂತ ಹಿಂದುಳಿದವೆಂದು ಬೇರ್ಪಡಿಸಿತು. ರಸ್ತೆಗೆ, ನೀರಾವರಿಗೆ ಹಣ ಹಂಚುವಾಗ ನಾವು ಒಪ್ಪಿಕೊಂಡ ತರ್ಕವನ್ನು ಶಾಲೆಯ ಅಂಕಪಟ್ಟಿ ಓದುವಾಗ ಮರೆಯುವುದೇಕೆ? ಕ್ಲಸ್ಟರಿನಲ್ಲೋ ತಾಲ್ಲೂಕಿನಲ್ಲೋ ಮನೆಮಾತು, ತಾಯಿಯ ಓದು, ಗುಳೆ ಈ ಮೂರರಲ್ಲಿ ಹತ್ತಿರ ಹತ್ತಿರ ಇರುವ 8ರಿಂದ 10 ಶಾಲೆಗಳನ್ನು ಒಂದು ಗುಂಪು ಮಾಡಿ, ಹೋಲಿಕೆ ಆ ಗುಂಪಿನೊಳಗೆ ಮಾತ್ರ ನಡೆಯಲಿ. ಅದೂ ಒಂದನೇ ಸ್ಥಾನ, ಎರಡನೇ ಸ್ಥಾನ ಎಂದಲ್ಲ. ನಿರೀಕ್ಷೆಗಿಂತ ಮೇಲೆ, ನಿರೀಕ್ಷೆಯಷ್ಟೇ, ನಿರೀಕ್ಷೆಗಿಂತ ಕೆಳಗೆ ಎಂಬ ಮೂರು ಪಟ್ಟಿ ಸಾಕು. ಇದರಲ್ಲಿ ಒಂದು ಅಪಾಯ ಇದೆ, ಅದನ್ನೂ ಹೇಳಿಬಿಡುತ್ತೇವೆ. ‘ತಾಂಡಾ ಮಕ್ಕಳು, ಇಷ್ಟೇ ಸಾಕು’ ಎಂಬ ಧೋರಣೆ ಇಂಥ ಗುಂಪುಗಾರಿಕೆಯಿಂದ ಬೇರೂರಬಹುದು. ಆದ್ದರಿಂದ ಗುಂಪಿನ ಹೋಲಿಕೆಯ ಮೇಲ್ಗಡೆಯೇ, ಎಲ್ಲ ಮಕ್ಕಳಿಗೂ ಸಮಾನವಾದ ತಲುಪಬೇಕಾದ ಮಟ್ಟವನ್ನು ದಪ್ಪಕ್ಷರದಲ್ಲಿ ಬರೆಯಿರಿ: ಮೂರನೇ ತರಗತಿ ಮುಗಿಯುವಾಗ ಪ್ರತಿ ಮಗುವೂ ಒಂದು ಚಿಕ್ಕ ಕಥೆಯನ್ನು ಅರ್ಥಸಹಿತ ಓದಬೇಕು. ಶಿಕ್ಷಕರನ್ನು ತೂಗಲು ಗುಂಪಿನ ಹೋಲಿಕೆ ಇರಲಿ. ಸರ್ಕಾರವನ್ನು ತೂಗಲು ಈ ಗೆರೆ.

ಎಲ್ಲ ಸೇರಿ ಒಂದೇ ಹಾಳೆ. ಮುಂಬದಿಯಲ್ಲಿ ಮೇಲೆ ಹೇಳಿದ ಸಂಖ್ಯೆಗಳು, ಹಿಂಬದಿಯಲ್ಲಿ ಮುಖ್ಯ ಶಿಕ್ಷಕರು ಕೈಯಾರೆ ಬರೆಯುವ ಐದು ಸಾಲು: ಈ ಸಂಖ್ಯೆ ಏಕೆ ಹೀಗೆ, ಮುಂದಿನ ಆರು ತಿಂಗಳಲ್ಲಿ ಏನು ಮಾಡುತ್ತೇವೆ, ಇಲಾಖೆಯಿಂದ ಏನು ಬೇಕು. ಮಗುವಿನ ಹೆಸರು ಎಲ್ಲೂ ಬೇಡ. 5ಕ್ಕಿಂತ ಕಡಿಮೆ ಮಕ್ಕಳ ಯಾವ ಗುಂಪನ್ನೂ ಬಿಡಿಸಿ ತೋರಿಸಬೇಡಿ, ‘5ಕ್ಕಿಂತ ಕಡಿಮೆ’ ಎಂದಷ್ಟೇ ಬರೆಯಿರಿ. ಒಂದೇ ಗುಂಪನ್ನು ಮುಚ್ಚಿ ಒಟ್ಟು ಮೊತ್ತ ಕೊಟ್ಟರೆ ಕಳೆದು ಕಂಡುಹಿಡಿಯುತ್ತಾರೆ, ಹಾಗಾಗಿ ಪಕ್ಕದ ಗುಂಪನ್ನೂ ಅದರೊಳಗೆ ಸೇರಿಸಿಬಿಡಿ. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಸಮುದಾಯದತ್ತ ಶಾಲೆ ಕಾರ್ಯಕ್ರಮದ ದಿನ ಈ ಹಾಳೆಯನ್ನು ಅವರ ಮುಂದೆ ಗಟ್ಟಿಯಾಗಿ ಓದಬೇಕು. ಬರೀ ಗೋಡೆಗೆ ಅಂಟಿಸಿದರೆ ಓದಲು ಬಾರದ ತಾಯಿಗೆ ಅದು ಇದ್ದೂ ಇಲ್ಲದಂತೆ.

ಮುಂದಿನ ಶೈಕ್ಷಣಿಕ ವರ್ಷಕ್ಕೆ ಮೇ ಕೊನೆಯಲ್ಲಿ ಶಾಲೆ ತೆರೆಯುವ ಮೊದಲು ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು, ಕರಾವಳಿಯ ಒಂದು, ಹಳೆ ಮೈಸೂರಿನ ಒಂದು, ಬೆಂಗಳೂರು ನಗರದ ಒಂದು ವಲಯ, ಹೀಗೆ ನಾಲ್ಕು ಕಡೆ ಇದನ್ನು ಮಾಡಿ ನೋಡಲು ಆದೇಶ ಹೊರಡಿಸಿ. ಡಯಟ್‌ನ (ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಯ) ಉಪನ್ಯಾಸಕರಿಗೆ ಹೊಣೆ ಕೊಡಿ. ಮನೆಮಾತಿನ ಪ್ರಶ್ನೆಯನ್ನು ದಾಖಲಾತಿ ಅರ್ಜಿಯಲ್ಲಿ ಈಗಲೇ ತಿದ್ದಿಸಿ, ಅದಕ್ಕೆ ಖರ್ಚೇ ಇಲ್ಲ. ಮೊದಲ ವರ್ಷ ಬಹುಮಾನವೂ ಬೇಡ, ನೋಟಿಸೂ ಬೇಡ. ಅವೆರಡರಲ್ಲಿ ಯಾವುದಾದರೂ ಒಂದು ಈ ಹಾಳೆಗೆ ಅಂಟಿಕೊಂಡ ದಿನವೇ ಸಂಖ್ಯೆಗಳು ಸುಳ್ಳು ಹೇಳಲು ಶುರುಮಾಡುತ್ತವೆ.

ಇಂತಿ ತಮ್ಮ ವಿಶ್ವಾಸಿಗಳು,
ಪ್ರಾಥಮಿಕ ಶಾಲೆಗಳ ದಾಖಲಾತಿ ಮತ್ತು ಕಲಿಕೆಯ ಅಂಕಿ-ಅಂಶಗಳೊಡನೆ ಕೆಲಸ ಮಾಡುವ ಕೆಲವರು